ಏಳನೇ ಭರಣಿಯ ಮಾಂಬಳ

ನಮ್ಮ ಸಂಘಕ್ಕೆ ಕಚೇರಿ ಅಂತ ಇರಲಿಲ್ಲ, ಊಟದ ಕೋಣೆ ಇತ್ತು. ಬಂಟ್ವಾಳ ಪೇಟೆಯಲ್ಲಿ ಮಾವನ ಹೋಟೆಲು. ಹೋಟೆಲಿನ ಹಿಂದೆ ಮನೆ. ಮನೆಯ ನಡುವೆ ಆ ಕೋಣೆ. ಅದರ ಗೋಡೆಯುದ್ದಕ್ಕೆ ಹೊಡೆದ ಹಲಗೆಯ ಮೇಲೆ ಸಂಘದ ಭರಣಿಗಳು ಸಾಲಾಗಿ ಕೂತಿರುತ್ತಿದ್ದವು. ಹನ್ನೆರಡು ಎಂದು ಬರೆಯಲು ಹೊರಟಿದ್ದೆ. ಹದಿನಾಲ್ಕೂ ಇದ್ದಿರಬಹುದು. ಕಣ್ಣು ಮುಚ್ಚಿ ಎಣಿಸಿದರೆ ಒಂದೊಂದು ಸಲ ಒಂದೊಂದು ಸಂಖ್ಯೆ ಬರುತ್ತದೆ. ಕೆಲವು ಸಲ ಅವು ಹಲಗೆ ಬಿಟ್ಟು ನೀರಿನ ಮೇಲೆ ಮೆಲ್ಲಗೆ ತೇಲುತ್ತವೆ, ಒಂದಕ್ಕೊಂದು ತಾಗಿ ಟಿಣ್ ಅನ್ನುತ್ತವೆ. ನೇತ್ರಾವತಿ ಉಕ್ಕಿ ಮನೆಯೊಳಗೆ ಬಂದ ವರ್ಷ ಹಾಗೆ ತೇಲಿದ್ದನ್ನು ನಾನು ಕಂಡಿದ್ದೇನೆ. ಅಮ್ಮ ಮಾತ್ರ ಒಪ್ಪುತ್ತಿರಲಿಲ್ಲ. "ನೆರೆ ಬಂದದ್ದು ಸಂಘ ಆಗುವ ಮೊದಲು. ಆಗ ನಮ್ಮಲ್ಲಿ ಇದ್ದದ್ದು ಒಂದೇ ಭರಣಿ, ಅದರಲ್ಲಿ ಉಪ್ಪು" ಎನ್ನುತ್ತಿದ್ದರು. ಅಮ್ಮ ಹೇಳಿದ್ದೇ ಸರಿ ಇರಬೇಕು. ಆದರೆ ಆ ಟಿಣ್ ಎಂಬ ಸದ್ದು ಮಾತ್ರ ಇನ್ನೂ ನನ್ನ ಕಿವಿಯಲ್ಲಿದೆ.

ಸಂಘ ಹುಟ್ಟಿದ್ದು ಮಾವ ಒಮ್ಮೆ ಬೊಂಬಾಯಿಗೆ ಹೋಗಿ ಬಂದ ಮೇಲೆ. ಮಾವ ಎಂದರೆ ಅಮ್ಮನ ತಮ್ಮ, ಮನೆಯ ಯಜಮಾನರು. ಬೊಂಬಾಯಿಯಲ್ಲಿ ಯಾವುದೋ ಪ್ರದರ್ಶನದಲ್ಲಿ ಹಸುಗಳಿಗೆ, ಹೂವಿನ ಕುಂಡಗಳಿಗೆ, ಕೊನೆಗೆ ಬಿಸ್ಕುಟಿಗೂ ಬೆಳ್ಳಿಯ ಬಟ್ಟಲು ಕೊಡುವುದನ್ನು ನೋಡಿ ಅವರ ತಲೆ ತಿರುಗಿತ್ತು. "ಬಿಸ್ಕುಟಿಗೆ ಕೊಡುವುದಾದರೆ ನಮ್ಮ ಹಲಸಿನ ಹಪ್ಪಳ ಎಂತ ಪಾಪ ಮಾಡಿದೆ?" ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಂದವರನ್ನೆಲ್ಲ ಕೇಳುತ್ತಿದ್ದರು. ಡಬ್ಬಿಯ ತಿಂಡಿಗಳು ಅಂಗಡಿಗಳಿಗೆ ಬರತೊಡಗಿದ ಕಾಲ ಅದು. ಕೈಯಲ್ಲಿ ಮಾಡಿದ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಓಲೆಬೆಲ್ಲ ಎಲ್ಲ ಮನೆಮಂದಿಗೆ ಮಾತ್ರ ಎಂಬಂತೆ ಆಗುತ್ತಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ, ಈ ಮೂರು ಕಡೆಯ ಮಾಡುವವರನ್ನು ಸೇರಿಸಿ ಮಾವ ಸಂಘ ಕಟ್ಟಿದರು. ಅಧ್ಯಕ್ಷರು ಅವರೇ. ಕಾರ್ಯದರ್ಶಿ ಅಮ್ಮ. ರುಚಿ ನೋಡುವವರು ದೊಡ್ಡಮ್ಮ, ಅಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೆ ಮನೆಗೆ ಬಂದು ಉಳಿದವರು. ನಾನು ಹೈಸ್ಕೂಲು ಮುಗಿಸಿ ಟೀಚರ್ ಟ್ರೈನಿಂಗಿನ ಸೀಟಿಗೆ ಕಾಯುತ್ತಿದ್ದವಳು, ಅಕ್ಷರ ದುಂಡಗೆ ಇದೆ ಎಂದು ಗುಮಾಸ್ತೆ. ಹೋಟೆಲಿನ ಗಿರಾಕಿಗಳು ಚಾ ಕುಡಿಯುತ್ತ ಮಾವನನ್ನು ಕೆಣಕುತ್ತಿದ್ದರು: "ಧಣಿಗಳೇ, ಇದು ಸಂಘವೋ, ಸಂಸಾರವೋ?" ಮಾವ ನಗುತ್ತಿದ್ದರು. ಒಳಗೆ ಬಂದು ಅಂಗಿ ಕಳಚುವಾಗ ನಗು ಇರುತ್ತಿರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ನವರಾತ್ರಿ ಕಳೆದ ಮೇಲೆ ಖಾಲಿ ಭರಣಿಗಳನ್ನು ಬಸ್ಸಿನಲ್ಲಿ ಊರೂರಿಗೆ ಕಳಿಸುವುದು. ಪ್ರತಿಯೊಂದರ ತಳದಲ್ಲಿ ನಾನು ಕೆಂಪು ಬಣ್ಣದಲ್ಲಿ ಬರೆದ ನಂಬರು. ನಿಮ್ಮ ಕೈಯಲ್ಲಿ ಯಾವುದು ಚಂದ ಆಗುತ್ತದೋ ಅದನ್ನು ತುಂಬಿಸಿ ಕಳಿಸಿ ಎಂದು ಒಂದು ಚೀಟಿ. ಯಾವ ನಂಬರು ಯಾವ ಮನೆಗೆ ಹೋಯಿತು ಎಂಬ ಪುಸ್ತಕ ನನ್ನಲ್ಲಿ. ದೊಡ್ಡಮ್ಮ ಅದನ್ನು ನೋಡುವ ಹಾಗಿಲ್ಲ. ಹತ್ತು ಹದಿನೈದು ದಿನದಲ್ಲಿ ಕಂಡಕ್ಟರುಗಳು ಭರಣಿಗಳನ್ನು ತಂದು ಹೋಟೆಲಿನ ಜಗಲಿಯಲ್ಲಿ ಇಳಿಸಿ, ಒಂದು ಚಾ ಕುಡಿದು ಹೋಗುತ್ತಿದ್ದರು. ಗೆದ್ದವರಿಗೆ ಒಂದು ಹಿತ್ತಾಳೆ ಸೌಟು, ಒಂದು ಸರ್ಟಿಫಿಕೇಟು, ಮತ್ತೆ ಸಂಘದ ಮುದ್ರೆ ಇದ್ದ ಕೆಂಪು ಚೀಟಿಗಳ ಒಂದು ಕಟ್ಟು. ಸೌಟಿಗಿಂತ ಚೀಟಿಗೇ ಆಸೆ ಹೆಚ್ಚು. ಪೇಟೆಯಲ್ಲಿ ಒಬ್ಬ ಬ್ಯಾರಿ ಸಾಹುಕಾರರಿದ್ದರು, ಬ್ಯಾರಿಗಳೆಂದರೆ ನಮ್ಮ ಕರಾವಳಿಯ ಮುಸಲ್ಮಾನರು. ಬೊಂಬಾಯಿಯಲ್ಲಿ ನಮ್ಮ ಕಡೆಯವರು ನಡೆಸುವ ಹೋಟೆಲುಗಳಿಗೆ ಮಾಲು ಕಳಿಸುವವರು. ಕೆಂಪು ಚೀಟಿ ಅಂಟಿಸದ ಮಾಲಿನ ಕಟ್ಟನ್ನು ಅವರು ಬಿಚ್ಚಿಯೂ ನೋಡುತ್ತಿರಲಿಲ್ಲ.

ದೊಡ್ಡಮ್ಮ ರುಚಿ ನೋಡುವುದು ಬೆಳಿಗ್ಗೆ, ಕಾಫಿಗೆ ಮೊದಲು. ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಉಪ್ಪು ಹಾಕದ ಕುಚ್ಚಲಕ್ಕಿ ಗಂಜಿ ಒಂದು ಚಮಚ. ಯಾರೂ ಮಾತಾಡಕೂಡದು. ಹೇಳುವುದು ಎರಡೇ ಮಾತು, "ಆದೀತು" ಅಥವಾ "ಬೇಡ". ಎಲ್ಲ ಮುಗಿದ ಮೇಲೆ ಒಂದನ್ನು ಆರಿಸಿದರೂ ಅದು ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸೌಟು ಕೊಡುವ ಮೊದಲು ಮಾಡಿದವರ ಮನೆಗೇ ಹೋಗಿ, ಅವರ ಕೈಯಿಂದಲೇ ಇನ್ನೊಮ್ಮೆ ತಿಂದು ನೋಡಬೇಕು. ಅದಕ್ಕೆ ನಮ್ಮ ಮನೆಯಲ್ಲಿ "ಎರಡನೇ ಬಾಯಿ" ಎಂದು ಹೆಸರು. ಯಾಕೆ ಎಂದು ನಾನು ಕೇಳಿದ್ದೆ. "ತಿಂದದ್ದು ಹೊಟ್ಟೆಗೆ ಇಳಿದ ಮೇಲೆ ನಾಲಿಗೆ ಕತೆ ಕಟ್ಟಲಿಕ್ಕೆ ಶುರು ಮಾಡುತ್ತದೆ ಮಗಾ" ಎಂದಿದ್ದರು. "ನಿನ್ನೆ ತಿಂದದ್ದು ಇವತ್ತಿಗೆ ಹೆಚ್ಚು ಸಿಹಿ ಆಗಿರುತ್ತದೆ."

ಬರೆಯುವ ಚಟ ಹತ್ತಿದ ಮೇಲೆ ನಾನು ಎಷ್ಟೋ ಬಗೆಯಲ್ಲಿ ಬರೆದು ನೋಡಿದ್ದೇನೆ. ಕತೆಯನ್ನು ಹಿಂದಿನಿಂದ ಮುಂದಕ್ಕೆ ಹೇಳಿದ್ದೇನೆ, ನಡುವಿನಿಂದ ಹರಿದಿದ್ದೇನೆ, ಕ್ರಿಯಾಪದಗಳನ್ನೇ ಕಿತ್ತು ಹಾಕಿದ್ದೇನೆ. ಇದೊಂದನ್ನು ಮಾತ್ರ ಆದ ಕ್ರಮದಲ್ಲೇ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ನನ್ನ ತಪ್ಪು ಇದೆ.

ಆ ವರ್ಷ, ಇಸವಿ ಅರವತ್ತರ ಆಚೀಚೆ, ಏಳನೇ ನಂಬರಿನ ಭರಣಿ ಎತ್ತುವಾಗಲೇ ಹಗುರ ಇತ್ತು. ಮುಚ್ಚಳಕ್ಕೆ ಕಟ್ಟಿದ ಬಟ್ಟೆ ಬಿಚ್ಚಿದೆ. ತಳದಲ್ಲಿ ಬಾಡಿದ ಬಾಳೆ ಎಲೆಯ ಒಂದು ಪೊಟ್ಟಣ, ಅದರೊಳಗೆ ಅಂಗೈಯಷ್ಟು ಮಾಂಬಳ. ಅಷ್ಟೇ. ಮಾಂಬಳ ಎಂದರೆ ಕಾಟು ಮಾವಿನ, ಅಂದರೆ ಕಾಡುಮಾವಿನ, ಹಣ್ಣಿನ ರಸವನ್ನು ಬಿಸಿಲಿಗೆ ಹರಡಿ, ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ, ಹೀಗೆ ಹಣ್ಣು ಮುಗಿಯುವ ತನಕ ಏರಿಸಿ ಮಾಡುವುದು. ಕತ್ತರಿಸಿದರೆ ಅಂಚಿನಲ್ಲಿ ಗೆರೆಗಳು ಕಾಣುತ್ತವೆ. ದೊಡ್ಡಮ್ಮ ಆ ಗೆರೆಗಳನ್ನು ಪಂಚಾಂಗದಂತೆ ಓದುತ್ತಿದ್ದರು, ಇಗೋ ಇಲ್ಲಿ ಎರಡು ದಿನ ಮೋಡ, ಇಲ್ಲಿ ಬೆಂಕಿಯಂಥ ಬಿಸಿಲು ಎಂದು.

ನಾನು ಒಂದು ಚೂರು ಕತ್ತರಿಸಿ ಎಲೆಯ ಮೇಲಿಟ್ಟೆ. ದೊಡ್ಡಮ್ಮ ಬಾಯಿಗೆ ಹಾಕಿಕೊಂಡರು. "ಆದೀತು" ಅನ್ನಲಿಲ್ಲ, "ಬೇಡ" ಅನ್ನಲಿಲ್ಲ. ಮಾಡಿನ ಗಾಜಿನ ಹಂಚಿನಿಂದ ಬೀಳುವ ಬೆಳಕಿನ ಚೌಕ ಅವರ ಪಾದದ ಹತ್ತಿರ ಇತ್ತು. ಅದು ಮೆಲ್ಲ ಮೆಲ್ಲಗೆ ಅವರ ಮೊಣಕಾಲಿಗೆ ಏರಿತು. ಹೊರಗೆ ಹೋಟೆಲಿನಲ್ಲಿ ಗ್ಲಾಸುಗಳ ಸದ್ದು ನಿಂತಿತ್ತು, ಅಥವಾ ನನಗೆ ಕೇಳಿಸುತ್ತಿರಲಿಲ್ಲ. ಕೋಣೆಯಲ್ಲಿ ಏಪ್ರಿಲ್ ತಿಂಗಳಿನ ವಾಸನೆ ಬಂತು. ನವೆಂಬರಿನಲ್ಲಿ ಅದು ಹೇಗೆ ಬಂತು ಎಂದು ನಾನು ವಾದಿಸುವುದಿಲ್ಲ. ದೊಡ್ಡಮ್ಮ ತಿರುಗದೆಯೇ ಕೈ ಹಿಂದಕ್ಕೆ ಚಾಚಿದರು. "ಇನ್ನೊಂದು ತುಂಡು." ಅಷ್ಟು ವರ್ಷಗಳಲ್ಲಿ ಅವರು ಯಾವುದನ್ನೂ ಎರಡನೆಯ ಸಲ ಕೇಳಿದವರಲ್ಲ. ಕೊಟ್ಟೆ. ಮತ್ತೆ ಕೈ ಬಂತು. ಮತ್ತೆ ಕೊಟ್ಟೆ. ಕೊನೆಗೆ ಎಲೆಯನ್ನೇ ಎಳೆದುಕೊಂಡು ಎಲ್ಲ ಮುಗಿಸಿ, ಬೆರಳು ಚೀಪಿ, "ಇದು" ಎಂದರು.

"ಅಕ್ಕ, ಪೂರ್ತಿ ತಿಂದಿರಾ?" ಅಮ್ಮ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟರು.

"ತಿಂದೆ. ಎಂತ ಈಗ?"

ಮಾವ ಖಾಲಿ ಭರಣಿಯನ್ನು ಬಗ್ಗಿಸಿ ನೋಡಿದರು. "ಎಲ್ಲರೂ ಕುತ್ತಿಗೆ ತನಕ ತುಂಬಿಸಿ ಕಳಿಸುವಾಗ ಇವರು ಅಂಗೈಯಷ್ಟು ಕಳಿಸಿದ್ದಾರೆ. ಅದಕ್ಕೆ ಧೈರ್ಯ ಬೇಕು ಮಾರಾಯ್ತಿ."

"ಧೈರ್ಯವೂ ಅಲ್ಲ, ಎಂತದೂ ಅಲ್ಲ. ಕಂಜೂಸಿ" ಎಂದರು ಅಮ್ಮ.

ಪುಸ್ತಕ ತೆಗೆದು ನೋಡಿದೆ. ಏಳನೇ ನಂಬರು ಹೋದದ್ದು ಚಾರ್ಮಾಡಿ ದಾರಿಯ ಕಕ್ಕಿಂಜೆಗೆ, ಅಲ್ಲಿಯ ಶಾಲೆಯ ಮಾಸ್ಟ್ರ ಹೆಂಡತಿಗೆ. "ಅವರದ್ದು ಲಿಂಬೆ ಉಪ್ಪಿನಕಾಯಿ ಅಲ್ಲವಾ? ಮಾಂಬಳ ಯಾವಾಗಿಂದ?" ಎಂದು ಅಮ್ಮ ಕೇಳಿದರು. ಅಲ್ಲಿ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹೊಸ ನಿಬ್ಬು ಬಂದಿತ್ತು. ಎರಡನೇ ಬಾಯಿಗೆ ಕಾಯದೆ ಸರ್ಟಿಫಿಕೇಟಿನಲ್ಲಿ ಮಾಸ್ಟ್ರ ಹೆಂಡತಿಯ ಹೆಸರನ್ನು ದುಂಡಗೆ ಬರೆದುಬಿಟ್ಟೆ. ಅದನ್ನು ನೋಡಿ ಮಾವನಿಗೂ ಉಮೇದು ಬಂತು. ಸಂಜೆಯೊಳಗೆ ಹೋಟೆಲಿಗೆ ಬಂದವರಿಗೆಲ್ಲ, "ಈ ಸಲ ಕಕ್ಕಿಂಜೆಗೆ" ಎಂದು ಹೇಳಿ ಆಯಿತು.

ಕಕ್ಕಿಂಜೆಗೆ ಹೋದದ್ದು ನಾನು ಮತ್ತು ದೊಡ್ಡಮ್ಮ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಮುಂದೆ ಮಂಜು. ಕಿಟಕಿಯ ಹೊರಗೆ ಮರಗಳು ಒಂದೊಂದೇ ಬಂದು ಮುಖ ತೋರಿಸಿ ಅಳಿಸಿ ಹೋಗುತ್ತಿದ್ದವು. ಘಾಟಿ ಎದುರಿಗೇ ಇರಬೇಕಿತ್ತು, ಇರಲಿಲ್ಲ. ದೊಡ್ಡಮ್ಮ ಸೀಟಿನಲ್ಲಿ ನೆಟ್ಟಗೆ ಕೂತೇ ನಿದ್ದೆ ಮಾಡುತ್ತಿದ್ದರು; ನಿದ್ದೆಯಲ್ಲಿ ಅವರ ದವಡೆ ನಿಧಾನಕ್ಕೆ ಆಡುತ್ತಿತ್ತು. ಆ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಬಸ್ಸಿಗೆ ಚಕ್ರಗಳಿಲ್ಲ.

ಮಾಸ್ಟ್ರ ಹೆಂಡತಿ ನಮ್ಮನ್ನು ಕಂಡು ಗಾಬರಿಯಾದರು. ಚಾಪೆ ಹಾಕಿ ಬೆಲ್ಲ ನೀರು ತಂದಿಟ್ಟರು. ಇಲ್ಲಿ ಒಂದು ಮಾತು: ಇವರೆಲ್ಲ ಆಡಿದ್ದು ತುಳುವಿನಲ್ಲಿ. ನಾನು ಬರೆಯುವಾಗ ಅದು ಕನ್ನಡವಾಗುತ್ತದೆ, ಸ್ವಲ್ಪ ಸಭ್ಯವೂ ಆಗುತ್ತದೆ.

"ಎರಡನೇ ಬಾಯಿಗೆ ಬಂದದ್ದು" ಎಂದರು ದೊಡ್ಡಮ್ಮ.

"ಯಾವುದರದ್ದು ಅಮ್ಮ?"

"ನೀನು ಕಳಿಸಿದ ಮಾಂಬಳದ್ದು."

ಅವರು ಒಮ್ಮೆ ದೊಡ್ಡಮ್ಮನ ಮುಖ, ಒಮ್ಮೆ ನನ್ನ ಮುಖ ನೋಡಿದರು. "ನಾನು ಮಾಂಬಳ ಕಳಿಸಿದ್ದಲ್ಲ. ಭರಣಿ ವಾಪಸು ಕಳಿಸಿದ್ದು."

"ಭರಣಿಯಲ್ಲಿ ಇತ್ತಲ್ಲ!" ಎಂದೆ ನಾನು.

"ಇತ್ತು. ಅದು ಹೌದು." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇವರ ದೊಡ್ಡಪ್ಪ ತೀರಿಕೊಂಡರು, ಆಗ ಮನೆಯಲ್ಲಿ ಸೂತಕ. ಈ ವರ್ಷ ನನ್ನದು ಇಲ್ಲ, ಭರಣಿ ಬೇರೆ ಯಾರಿಗಾದರೂ ಆಗುತ್ತದೆ ಅಂತ ಕಳಿಸಿದೆ. ಆದರೆ ಕಂಡವರ ಪಾತ್ರೆಯನ್ನು ಖಾಲಿ ಕೊಡುವುದು ಹೇಗೆ? ಸೂತಕದ ಮನೆಯದ್ದು ಹಾಕುವ ಹಾಗೂ ಇಲ್ಲ. ಆಚೆ ಮನೆಯವಳ ಹತ್ತಿರ ಹೇಳಿದೆ. ಅವಳು ಬೇಲಿಯ ಆಚೆಯಿಂದ ಕೈ ಚಾಚಿ ಒಂದು ತುಂಡು ಹಾಕಿದಳು. ನಾನು ಮುಟ್ಟಲೇ ಇಲ್ಲ. ಬಟ್ಟೆ ಕಟ್ಟಿದ್ದೂ ಅವಳೇ. ನಿಮಗೆ ಗೊತ್ತಾಗುತ್ತದೆ ಅಂತ ನಾನು ಎಣಿಸಿದೆ. ಅಷ್ಟು ಸಣ್ಣ ತುಂಡನ್ನು ಯಾರಾದರೂ ಪಂಥಕ್ಕೆ ಕಳಿಸುತ್ತಾರಾ?"

ನನ್ನ ಕಿವಿ ಬಿಸಿಯಾಯಿತು. ನಮ್ಮ ಮನೆಯಲ್ಲೂ ಪಕ್ಕದವರ ಪಾತ್ರೆಯನ್ನು ಬರಿದಾಗಿ ಕೊಟ್ಟವರಿಲ್ಲ. ಬೆಲ್ಲದ ಅಚ್ಚೋ, ನಾಲ್ಕು ಹರಳು ಉಪ್ಪೋ ಹಾಕಿಯೇ ಕೊಡುವುದು. ನಾನೇ ನೂರು ಸಲ ಹಾಕಿದ್ದೇನೆ. ಆದರೆ ತಳಕ್ಕೆ ನಂಬರು ಬಿದ್ದ ಮೇಲೆ ಭರಣಿ ನನಗೆ ಪಾತ್ರೆಯಾಗಿ ಕಾಣುವುದು ನಿಂತಿತ್ತು.

ದೊಡ್ಡಮ್ಮ ಎದ್ದರು. "ಆಚೆ ಮನೆ ಅಂದರೆ ಯಾವುದು? ಹೋಗುವ."

"ಅಮ್ಮ, ಅದು ಬ್ಯಾರಿಗಳ ಮನೆ" ಎಂದರು ಮಾಸ್ಟ್ರ ಹೆಂಡತಿ ಮೆಲ್ಲಗೆ.

"ಮಾಂಬಳ ಬೇಯಿಸುತ್ತಾರಾ?"

"ಇಲ್ಲ, ಬಿಸಿಲಿಗೆ..."

"ಮತ್ತೆ?"

ಬೇಲಿಯ ಆಚೆ ಒಂದು ಸಣ್ಣ ಹಂಚಿನ ಮನೆ, ಅಂಗಳದಲ್ಲಿ ಒಂದು ಕಾಟು ಮಾವಿನ ಮರ. ಇಡೀ ಮನೆಯನ್ನು ಆ ಮರದ ಬುಡದಲ್ಲಿ ಮರೆತು ಬಿಟ್ಟು ಹೋದ ಹಾಗೆ ಇತ್ತು. ಮರದ ತುದಿ ಮಂಜಿನೊಳಗೆ. ಕಾಂಡದಲ್ಲಿ ಎದೆಯ ಎತ್ತರಕ್ಕೆ ತೊಗಟೆ ಕೆತ್ತಿ ತೆಗೆದ ಒಂದು ಬಿಳಿ ಗುರುತು. ತಲೆಗೆ ಬಟ್ಟೆ ಹೊದ್ದ, ಮೂವತ್ತು ದಾಟದ ಹೆಂಗಸು ಬಾಗಿಲಿಗೆ ಬಂದಳು. ಒಳಗೆ ಯಾರೋ ವಯಸ್ಸಾದವರು ಕೆಮ್ಮುತ್ತಿದ್ದರು, ಅವಳ ಅತ್ತೆ. ಗಂಡ ಕೊಲಂಬೋದ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋದವನು, ಕಾಗದ ಬಾರದೆ ಎರಡು ಮಳೆಗಾಲ ಕಳೆದಿದ್ದವು ಎಂದು ಬೇಲಿಯ ತನಕ ಬಂದು ನಿಂತ ಮಾಸ್ಟ್ರ ಹೆಂಡತಿ ಪಿಸುಗುಟ್ಟಿದ್ದರು.

ದೊಡ್ಡಮ್ಮ ಸುತ್ತಿ ಬಳಸಿ ಹೇಳಲಿಲ್ಲ. "ನಿನ್ನ ಮಾಂಬಳಕ್ಕೆ ಸೌಟು ಬರಬೇಕು. ಅದಕ್ಕೆ ನಾನು ಇನ್ನೊಮ್ಮೆ ತಿನ್ನಬೇಕು. ಉಂಟಾ?"

ಅವಳು ನಕ್ಕಳು, ಯಾರೋ ತಮಾಷೆ ಮಾಡುತ್ತಿದ್ದಾರೆ ಎಂಬಂತೆ. ಆಮೇಲೆ ನಮ್ಮ ಮುಖ ನೋಡಿ ನಗು ನಿಲ್ಲಿಸಿದಳು. "ಕೆಂಪು ಚೀಟಿಯೂ ಉಂಟಾ ಅದರೊಟ್ಟಿಗೆ?"

"ಉಂಟು."

"ಅಲ್ಲಾ!" ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. "ಮಾಂಬಳ ಇಲ್ಲ ಅಮ್ಮ. ಅದೇ ಕೊನೆಯದ್ದು. ಅತ್ತೆಯ ಬಾಯಿ ರುಚಿಗೆ ಅಂತ ಇಟ್ಟಿದ್ದೆ. ಆಚೆ ಮನೆಯ ಅಕ್ಕ ಭರಣಿ ಹಿಡಿದು ಬೇಲಿಯ ಹತ್ತಿರ ನಿಂತಿದ್ದರಲ್ಲ, ಇಲ್ಲ ಅನ್ನುವುದು ಹೇಗೆ ಅಂತ ಹಾಕಿದೆ."

ಮರದಿಂದ ಮಂಜಿನ ಹನಿ ತೊಟ್ಟಿಕ್ಕುತ್ತಿತ್ತು.

"ಹಾಗಾದರೆ ಆಗುವುದಿಲ್ಲವಾ?" ಎಂದು ಅವಳೇ ಕೇಳಿದಳು. ಆಮೇಲೆ ಮರದ ಕಡೆ ಕೈ ಮಾಡಿ ಹೇಳಿದಳು. ಆ ಬಿಳಿ ಗುರುತು ಮರದ ವ್ಯಾಪಾರಿಯದ್ದು. ಗಂಡನ ತಮ್ಮ ಕರೆದುಕೊಂಡು ಬಂದು ತೋರಿಸಿದ್ದಾನೆ. ಬರೀ ನೆರಳಿಗೆ ಇಷ್ಟು ದೊಡ್ಡ ಮರ ಯಾಕೆ, ಹಲಗೆಯಾದರೂ ಆಗಲಿ ಎನ್ನುತ್ತಾನೆ. ಮಾಂಬಳ ಮಾರುತ್ತೇನೆ ಎಂದರೆ, ಯಾರು ತೆಗೆದುಕೊಳ್ಳುತ್ತಾರೆ ತೋರಿಸು ಎನ್ನುತ್ತಾನೆ. "ಬಂಟ್ವಾಳದ ಸಾಹುಕಾರರಲ್ಲಿಗೆ ಎರಡು ಸಲ ಹೇಳಿ ಕಳಿಸಿದೆ. ಚೀಟಿ ಉಂಟಾ ಅಂತ ಕೇಳಿದರಂತೆ. ಮರ ಹೋದರೆ ನಾನು ಎಂತ ಮಾಡುವುದು ಅಮ್ಮ? ನನಗೆ ಗೊತ್ತಿರುವುದು ಇದೊಂದೇ."

ನನಗೆ ತಡೆಯಲಾಗಲಿಲ್ಲ. "ದೊಡ್ಡಮ್ಮ, ಆ ದಿನ ತಿಂದದ್ದು ನಿಮಗೆ ನೆನಪುಂಟಲ್ಲ. ಅದು ಸಾಲದಾ?"

"ನೆನಪುಂಟು. ಅದಕ್ಕೇ ಸಾಲದು" ಎಂದರು ದೊಡ್ಡಮ್ಮ. ನನ್ನ ಕಡೆ ನೋಡಲೂ ಇಲ್ಲ. ಮರದ ಬುಡಕ್ಕೆ ಹೋಗಿ ಆ ಕೆತ್ತಿದ ಗುರುತಿನ ಮೇಲೆ ಅಂಗೈ ಇಟ್ಟು ನಿಂತರು. ಹಾಗೆಯೇ ಕೇಳಿದರು: "ಯಾವುದರ ಮೇಲೆ ಒಣಗಿಸುವುದು ನೀನು?"

"ಮುಂಡೇವಿನ ಓಲೆ ಹೆಣೆದ ಚಾಪೆಯ ಮೇಲೆ."

"ತೊಳೆದಿಟ್ಟಿದ್ದೀಯಾ?"

"ಮಾಂಬಳದ ಚಾಪೆಯನ್ನು ತೊಳೆಯುತ್ತಾರಾ ಅಮ್ಮ? ಒರೆಸಿ ಅಟ್ಟಕ್ಕೆ ಹಾಕುವುದು."

"ತಾ."

ಅಟ್ಟದಿಂದ ಇಳಿದ ಚಾಪೆಯನ್ನು ಅಂಗಳದಲ್ಲಿ ಬಿಚ್ಚಿದರು. ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಹತ್ತಿರದಿಂದ ನೋಡಿದರೆ ಹೆಣಿಗೆಯ ಎಳೆ ಎಳೆಯ ಸಂದಿನಲ್ಲಿ ಒಣಗಿದ ರಸ, ಕರಿ ಅರಗಿನ ಹಾಗೆ ಹೊಳೆಯುತ್ತಿತ್ತು. ದೊಡ್ಡಮ್ಮ ಸೀರೆ ಎತ್ತಿಕೊಂಡು ಮೊಣಕಾಲೂರಿದರು. ಅಷ್ಟು ವಯಸ್ಸಿನ ಹೆಂಗಸು, ಮಡಿ ಮೈಲಿಗೆಯಲ್ಲಿ ಮನೆಗೆಲ್ಲ ಪಾಠ ಹೇಳುತ್ತಿದ್ದವರು, ಉಗುರಿನಿಂದ ಚಾಪೆಯ ಸಂದನ್ನು ಕೆರೆದರು. ಬಂದ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರು. ಒಂದು ಅಂಗುಲ ಮುಂದೆ ಸರಿದು ಮತ್ತೆ ಕೆರೆದರು. ಹಾಗೆ ಚಾಪೆಯ ಅಂಚು ಹಿಡಿದುಕೊಂಡು, ನಾಟಿ ಮಾಡುವವರಂತೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. ಎರಡು ಆಡುಗಳು ಬಂದು ನಿಂತು ನೋಡಿದವು. ಬೇಲಿಯ ಮೇಲಿನಿಂದ ಮಾಸ್ಟ್ರ ಹೆಂಡತಿ ನೋಡಿದರು. ಬಾಗಿಲಲ್ಲಿ ಕೂತವಳು ತನ್ನ ಎರಡೂ ಕೈಗಳಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದಳು. ನನಗೆ ಈ ಚಿತ್ರದಲ್ಲಿ ಸುತ್ತ ಬಿಸಿಲು ಕಾಣುತ್ತದೆ, ದೊಡ್ಡಮ್ಮನ ನೆರಳು ಚಾಪೆಯ ಮೇಲೆ ಬಿದ್ದದ್ದು ಕಾಣುತ್ತದೆ. ಆದರೆ ಅವತ್ತು ಮಂಜು ಹರಿದೇ ಇರಲಿಲ್ಲ. ನೆರಳು ನಾನು ಆಮೇಲೆ ಇಟ್ಟದ್ದು.

ತುದಿ ಮುಟ್ಟಿದ ಮೇಲೆ ದೊಡ್ಡಮ್ಮ ಎದ್ದು ಮೊಣಕಾಲು ಕೊಡವಿದರು. "ಇದು" ಎಂದರು.

ಬಾಗಿಲಲ್ಲಿದ್ದವಳು ಅಳುತ್ತಾಳೆ ಎಂದುಕೊಂಡೆ. ಅವಳು ಆಡುಗಳನ್ನು ಗದರಿಸಿ ಓಡಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಸಂಶಯ ಕೇಳಿದೆ. ತೊಳೆಯದ ಚಾಪೆ. ಅದರ ಸಂದಿನಲ್ಲಿ ಇರುವುದು ಈ ವರ್ಷದ್ದೋ, ಹೋದ ವರ್ಷದ್ದೋ, ಅವಳ ಅತ್ತೆ ಮಾಡುತ್ತಿದ್ದ ಕಾಲದ್ದೋ?

"ಅದು ನನಗೆ ಹೇಗೆ ಗೊತ್ತಾಗಬೇಕು? ಎಲ್ಲ ವರ್ಷದ್ದೂ ಇರಬಹುದು" ಎಂದರು ದೊಡ್ಡಮ್ಮ. "ಒಂದು ಕಡೆಯೂ ಹುಳಿ ಬಂದಿಲ್ಲ ನೋಡು, ಆ ತುದಿಯಿಂದ ಈ ತುದಿಗೆ." ಅಷ್ಟು ಹೇಳಿ ಮತ್ತೆ ನೆಟ್ಟಗೆ ಕೂತು ನಿದ್ದೆಹೋದರು.

ಮಾವ ಕೇಳಿ ತಲೆಯ ಮೇಲೆ ಕೈ ಹೊತ್ತುಕೊಂಡರು. ಅಮ್ಮನ ಪ್ರಶ್ನೆ ಬೇರೆ ಇತ್ತು. "ಅಕ್ಕ, ಅವರ ಮನೆಯಲ್ಲಿ ತಿಂದಿರಾ?"

"ಮನೆಯಲ್ಲಿ ಎಂತದೂ ತಿನ್ನಲಿಲ್ಲ. ಅಂಗಳದಲ್ಲಿ ಚಾಪೆ ತಿಂದೆ."

"ನಗಬೇಡಿ ನೀವು" ಎಂದರು ಮಾವ. "ಅರ್ಜಿ ಇಲ್ಲ, ಪುಸ್ತಕದಲ್ಲಿ ಹೆಸರಿಲ್ಲ. ಪೇಟೆಗೆಲ್ಲ ಮಾಸ್ಟ್ರ ಹೆಂಡತಿ ಅಂತ ಹೇಳಿ ಆಗಿದೆ. ಈಗ ಬದಲಿಸಿದರೆ ಜನ ಎಂತ ಹೇಳುತ್ತಾರೆ? ಮನೆಯವರೇ ಕೂತು ತಮಗೆ ಬೇಕಾದವರಿಗೆ ಹಂಚುತ್ತಾರೆ ಅಂತ. ಮೊದಲೇ ಹೇಳುತ್ತಿದ್ದಾರೆ."

"ನಮ್ಮ ಭರಣಿಗೆ ಆ ತುಂಡನ್ನು ಹಾಕಿದ್ದು ಯಾರ ಕೈ? ಬಟ್ಟೆ ಕಟ್ಟಿದ್ದು ಯಾರ ಕೈ? ಪುಸ್ತಕ ತಪ್ಪಿದರೆ ಪುಸ್ತಕ ತಿದ್ದು" ಎಂದರು ದೊಡ್ಡಮ್ಮ.

ತಪ್ಪಿದ್ದು ಪುಸ್ತಕವಲ್ಲ, ನಾನು. ಹಾಗೆಂದು ಹೇಳಿದೆ ಕೂಡ. ಮಾವ ನನ್ನನ್ನು ಬೈಯಲಿಲ್ಲ. ಒಂದು ಷರತ್ತು ಹಾಕಿದರು: ಮಾಸ್ಟ್ರ ಹೆಂಡತಿ ತಾವೇ ಮೂಡಬಿದ್ರೆಗೆ ಬಂದು, ಸೌಟು ಕೊಡುವ ತುಂಬಿದ ಸಭೆಯಲ್ಲಿ, ಈ ಮಾಂಬಳ ನನ್ನದಲ್ಲ ಎಂದು ಹೇಳಬೇಕು. ಅವರು ಹೇಳಿದರೆ ಸೌಟು ಬೇಲಿಯ ಆಚೆಗೆ. ಇಲ್ಲವಾದರೆ ಈ ವರ್ಷ ಯಾರಿಗೂ ಇಲ್ಲ. ನಾನು ಕಾಗದ ಬರೆದೆ. ಉತ್ತರ ಬರಲಿಲ್ಲ.

ಮೂಡಬಿದ್ರೆಯಲ್ಲಿ ಸಭೆ ನಡೆಯುತ್ತಿದ್ದದ್ದು ಭಾನುವಾರ, ಒಂದು ಶಾಲೆಯ ಹಾಲಿನಲ್ಲಿ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ಮೇಜಿನ ಮೇಲೆ ಭರಣಿಗಳು, ಸೌಟು. ಮಾವ ಭಾಷಣವನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದರು. ಬೊಂಬಾಯಿಯ ಹಸುಗಳ ಕತೆಯನ್ನೂ ಹೇಳಿದರು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಬಾಗಿಲ ಹೊರಗಿನ ಬಿಸಿಲು ಎಷ್ಟು ಬೆಳ್ಳಗಿತ್ತೆಂದರೆ ಅಲ್ಲಿಂದ ಯಾರು ಬಂದರೂ ಮೊದಲು ಕರಿ ಗೆರೆಯಾಗಿ ಕಂಡು ಆಮೇಲೆ ಮನುಷ್ಯರಾಗುತ್ತಿದ್ದರು. ಅಂಥ ಒಂದು ಗೆರೆ ಕೊನೆಗೆ ಮಾಸ್ಟ್ರ ಹೆಂಡತಿಯಾಯಿತು. ಬಸ್ಸು ಕೆಟ್ಟಿತ್ತಂತೆ.

ಅವರು ನೇರ ಮುಂದೆ ಬಂದರು. ಸಭೆಯೆಂದರೆ ಪುಸ್ತಕದ ಕನ್ನಡವೇ ಆಗಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಿರಬೇಕು. "ನಾನು ಭರಣಿಯನ್ನು ಹಿಂದಿರುಗಿಸಿದ್ದು ಮಾತ್ರ. ಖಾಲಿ ಹಿಂದಿರುಗಿಸಬಾರದೆಂದು ನೆರೆಮನೆಯಾಕೆ ತನ್ನ ಕೈಯಿಂದ ಹಾಕಿದ ಮಾಂಬಳ ಅದು. ಅದನ್ನು ಮಾಡಿದವಳು ಅವಳು. ಬಹುಮಾನವನ್ನು ಅವಳ ಪರವಾಗಿ ತೆಗೆದುಕೊಂಡು ಹೋಗಲು ಬಂದಿದ್ದೇನೆ." ಅಷ್ಟು ಹೇಳಿ ಪಾಠ ಮುಗಿಯಿತು. ತುಳುವಿನಲ್ಲಿ ಸೇರಿಸಿದರು, "ಅವಳು ಬರುವುದಿಲ್ಲ ಅಂದಳು, ನಾಚಿಕೆಯಂತೆ. ನನಗೆ ನಾಚಿಕೆ ಇಲ್ಲವಾ?"

ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: "ಹಾಗಾದರೆ ಬರುವ ವರ್ಷ ನಾವೂ ಆಚೆ ಮನೆಯಿಂದ ತಂದು ಹಾಕುವ ಮಾರಾಯ್ರೇ!" ಸಭೆಯೆಲ್ಲ ನಗುವಿನಲ್ಲಿ ಮುಳುಗಿತು. ಮಾವನ ಕಿವಿ ಕೆಂಪಾದದ್ದು ಕಂಡಿತು. ಆಗ ಬ್ಯಾರಿ ಸಾಹುಕಾರರು ಮುಂದಿನ ಸಾಲಿನಿಂದ ಎದ್ದರು. ಬೆಂಚಿನಿಂದ ಕಾಲು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಕಕ್ಕಿಂಜೆಯ ಆ ಹೆಂಗಸು ನನ್ನಲ್ಲಿಗೆ ಎರಡು ಸಲ ಹೇಳಿ ಕಳಿಸಿದ್ದಳು. ನಮ್ಮವಳೇ. ನಾನು ತಿಂದು ನೋಡಲಿಲ್ಲ, ಚೀಟಿ ಕೇಳಿದೆ" ಎಂದರು. "ನಗುವುದಾದರೆ ನನ್ನನ್ನು ನೋಡಿ ನಗಿ. ಈಗ ಚೀಟಿ ಬರೆಯುವುದಾದರೆ ಬರೆಯಿರಿ, ಬರುವ ಹಂಗಾಮಿನ ಮಾಂಬಳ ನನಗೆ."

ಸರ್ಟಿಫಿಕೇಟನ್ನು ನಾನು ಅಲ್ಲೇ, ಮೇಜಿನ ಮೂಲೆಯಲ್ಲಿ ನಿಂತು, ಹೊಸದಾಗಿ ಬರೆದೆ. ಅವಸರಕ್ಕೆ ಅಕ್ಷರ ದುಂಡಗೆ ಬರಲಿಲ್ಲ. ಅದನ್ನು ಬರೆಯುವಾಗ ಬಾಗಿಲ ಬಿಳಿ ಬೆಳಕಿನಲ್ಲಿ ತಲೆಗೆ ಬಟ್ಟೆ ಹೊದ್ದ ಒಬ್ಬಳು ನಿಂತು ನೋಡುತ್ತಿದ್ದಳು ಎಂದು ನಾನು ಹಲವು ವರ್ಷ ಎಲ್ಲರಿಗೂ ಹೇಳುತ್ತ ಬಂದೆ. ಆ ದಿನ ಅವಳು ಕಕ್ಕಿಂಜೆ ಬಿಟ್ಟು ಕದಲಿಲ್ಲ.

ಆಮೇಲಿನದನ್ನು ನಾನು ಕಂಡದ್ದಲ್ಲ. ಮಾಸ್ಟ್ರ ಹೆಂಡತಿ ಬೆಳ್ತಂಗಡಿಗೆ ಬಂದಾಗಲೆಲ್ಲ ಅಮ್ಮನಿಗೆ ಹೇಳಿ ಕಳಿಸುತ್ತಿದ್ದ ಸುದ್ದಿ. ಸೌಟು ಊರಿಗೆ ತಲುಪಿದ ವಾರವೇ ಅಲ್ಲಿ ಮಾತು ಬದಲಾಯಿತಂತೆ. ಜನರ ಬಾಯಲ್ಲಿ ಬಹುಮಾನ ಬಂದದ್ದು ಹೆಂಗಸಿಗಲ್ಲ, ಮರಕ್ಕೆ. ಬಸ್ಸಿಳಿದವರು ಬೇಲಿಯ ಹತ್ತಿರ ನಿಂತು ಮರವನ್ನು ನೋಡಿ ಹೋಗುತ್ತಿದ್ದರಂತೆ. ಗಂಡನ ತಮ್ಮನಿಗೆ ಮೊದಮೊದಲು ಸಿಟ್ಟು. ಆಮೇಲೆ ಅವನೇ ಅಂಗಳದಲ್ಲಿ ನಿಂತು, ನಮ್ಮ ಅಜ್ಜನ ಕಾಲದ ಮರ ಇದು ಎಂದು ವಿವರಿಸತೊಡಗಿದ. ಗರಗಸದವರು ಬಂದ ದಿನ ಅವರಿಗೆ ಚಾ ಕೊಟ್ಟು, ಬೇರೆ ಯಾರದ್ದೋ ಹಲಸಿನ ಮರ ತೋರಿಸಲು ಕರೆದುಕೊಂಡು ಹೋದನಂತೆ.

ಏಪ್ರಿಲ್ ಬಂತು. ಸಾಹುಕಾರರು ದಿನ ಬಿಟ್ಟು ದಿನ ಹೋಟೆಲಿಗೆ ಬಂದು, "ಎಲ್ಲಿ ಮಾರಾಯ್ರೇ ನಿಮ್ಮ ಮಾಂಬಳ? ಬೊಂಬಾಯಿಯಿಂದ ಕಾಗದದ ಮೇಲೆ ಕಾಗದ" ಎಂದು ಮಾವನನ್ನು ಹಿಡಿದುಕೊಳ್ಳುತ್ತಿದ್ದರು. ಕಾಟು ಮಾವು ಒಂದು ವರ್ಷ ತುಂಬ ಬಿಟ್ಟರೆ ಮರುವರ್ಷ ಸುಮ್ಮನಿರುತ್ತದೆ ಎಂಬುದನ್ನು ಅಷ್ಟು ಜನರಲ್ಲಿ ಯಾರೂ ಯೋಚಿಸಿರಲಿಲ್ಲ. ದೊಡ್ಡಮ್ಮ ಯೋಚಿಸಿದ್ದರೋ ಏನೋ, ಹೇಳಿರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಚಾರ್ಮಾಡಿ ಕಡೆಯ ಬಸ್ಸಿನ ಕಂಡಕ್ಟರು ಜಗಲಿ ಹತ್ತಿ, ಬೆವರು ಒರೆಸಿಕೊಂಡು, ಒಳಗೆ ಕೇಳುವ ಹಾಗೆ ಕೂಗಿ ಹೇಳಿದ: "ಕಕ್ಕಿಂಜೆಯ ಆ ಹೆಂಗಸು ಹೇಳಿ ಕಳಿಸಿದ್ದಾಳೆ. ಈ ವರ್ಷ ಹಣ್ಣಿಲ್ಲವಂತೆ. ಮರ ಉಂಟಂತೆ."